ಭಾರದ ಪೆಟ್ಟಿಗೆ, ಖಾಲಿ ಹಾಳೆ

ಪ್ರಭು ಯೇಸು ತಮ್ಮ ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸುವಾಗ ಜೋಳಿಗೆ ಬೇಡ, ಬುತ್ತಿ ಬೇಡ, ನಡುಕಟ್ಟಿನಲ್ಲಿ ಹಣವೂ ಬೇಡ ಎಂದು ಹೇಳಿದ ಶುಭಸಂದೇಶದ ಭಾಗವನ್ನು ನಾವೆಲ್ಲರೂ ದೇವಾಲಯದಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಕೇಳಿ, ತಲೆದೂಗಿ, ಮನೆಗೆ ಮರಳಿದ್ದೇವೆ. ಪ್ರಯಾಣಕ್ಕೆ ಹೊರಡುವಾಗ ಮಾತ್ರ ನಾವು ಪೆಟ್ಟಿಗೆಯ ಮೇಲೆ ಮೊಣಕಾಲೂರಿ ಕುಳಿತು ಬೀಗ ಹಾಕುವವರೇ. ನಾನೂ ಅಂಥವರಲ್ಲಿ ಒಬ್ಬಳು. ಆ ಮಾತಿನ ಅರ್ಥ ನನಗೆ ಸ್ವಲ್ಪಮಟ್ಟಿಗಾದರೂ ತಿಳಿದದ್ದು 2018ರ ಬೇಸಿಗೆಯಲ್ಲಿ, ಯುರೋಪಿನ ರೈಲು ನಿಲ್ದಾಣಗಳಲ್ಲಿ ಚಕ್ರ ಮುರಿದ ಒಂದು ಪೆಟ್ಟಿಗೆಯನ್ನು ಎಳೆದಾಡುತ್ತಿದ್ದಾಗ.

ನನ್ನ ಊರು ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದ ಅಂಚು. ಅಪ್ಪ ತೀರಿಕೊಂಡ ಮೇಲೆ ಅಮ್ಮ ತೋಟದ ಕೂಲಿಯಲ್ಲೇ ಅಣ್ಣನನ್ನೂ ನನ್ನನ್ನೂ ಬೆಳೆಸಿದಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ದುಡಿದು, ಅನಂತರ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಆರು ವರ್ಷ ಕಳೆಯುವಷ್ಟರಲ್ಲಿ ಮನೆಯ ಸಾಲ ತೀರಿತು, ಹಂಚಿನ ಮನೆಗೆ ತಾರಸಿ ಬಂತು. ಇನ್ನು ನನ್ನ ಕೈ ಕಸುಬನ್ನು ಸಂಬಳವಿಲ್ಲದೆ ಒಂದು ವರ್ಷವಾದರೂ ದೇವರಿಗೆ ಕೊಡಬೇಕೆಂಬ ಆಸೆ ಹುಟ್ಟಿತು. ತಾಂಜಾನಿಯಾ ದೇಶದ ದಕ್ಷಿಣದ ಗುಡ್ಡಗಾಡಿನ ಮಿಷನ್ ಆಸ್ಪತ್ರೆಯೊಂದಕ್ಕೆ ಸ್ವಯಂಸೇವಕಿಯಾಗಿ ಹೋಗಲು ಅರ್ಜಿ ಹಾಕಿದೆ. ಅರ್ಜಿ ಸ್ವೀಕೃತವಾಯಿತು.

ಸುದ್ದಿ ತಿಳಿಸಲು ಮನೆಗೆ ಫೋನ್ ಮಾಡಿದಾಗ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಬಡವರು, ರೋಗಿಗಳು ನಮ್ಮೂರಲ್ಲಿ ಇಲ್ವಾ? ಅಮ್ಮನಿಗೆ ಮಂಡಿ ಹಿಡಿದು ಏಳಕ್ಕಾಗಲ್ಲ. ಸೇವೆ ಮಾಡೋಕೆ ಆಫ್ರಿಕಾಕ್ಕೇ ಹೋಗಬೇಕಾ ನೀನು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮನುಷ್ಯರು ಮಾಡುವುದನ್ನೇ ನಾನೂ ಮಾಡಿದೆ. ಸಿಟ್ಟಿನಿಂದ ಫೋನ್ ಇಟ್ಟೆ.

ಹೊರಡುವ ಮುನ್ನ ತರಬೇತಿ ಇತ್ತು. ಮೇ ತಿಂಗಳ ಕೊನೆಗೆ ಎರಡು ವಾರ, ನಡುವೆ ಬಿಡುವು, ಮತ್ತೆ ಜೂನ್ ಕೊನೆಯಲ್ಲಿ ಒಂದು ವಾರ. ಕಾಮಾಲೆ, ವಿಷಮಶೀತಜ್ವರ, ಹುಚ್ಚುನಾಯಿ ಕಡಿತ ಎಂದು ಒಂದಾದ ಮೇಲೊಂದು ಚುಚ್ಚುಮದ್ದುಗಳು. ದಾರಿಯಲ್ಲಿ ನೈರೋಬಿಯಲ್ಲಿ ತಂಗಬೇಕಿದ್ದುದರಿಂದ ಹಳದಿ ಜ್ವರದ ಲಸಿಕೆ ಮತ್ತು ಅದರ ಹಳದಿ ಪುಸ್ತಕವೂ ಅಗತ್ಯವಾಯಿತು. ಆ ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಮಲೇರಿಯಾ ಮಾತ್ರೆ, ಸೊಳ್ಳೆಪರದೆ, ಸ್ವಾಹಿಲಿ ಭಾಷೆಯ ಪಾಠ. ಅಲ್ಲಿಯವರು ಚಹಾವನ್ನು 'ಚಾಯ್' ಎನ್ನುತ್ತಾರೆ, ಚಪಾತಿಗೆ 'ಚಪಾತಿ' ಎಂದೇ ಹೆಸರು, ಅಂಗಡಿ 'ದುಕಾ', ವಾಹನ 'ಗಾರಿ'. ಅರಬ್ಬೀ ಸಮುದ್ರದ ಹಾಯಿಹಡಗುಗಳು ಸರಕಿನ ಜೊತೆಗೆ ಮಾತುಗಳನ್ನೂ ಹೊತ್ತು ತಿರುಗಿದ್ದವು ಎಂದು ತಿಳಿದಾಗ, ಇಡೀ ತರಗತಿಯಲ್ಲಿ ನನಗೊಬ್ಬಳಿಗೇ ಆ ಭಾಷೆ ದೂರದ ನೆಂಟರ ಮನೆಯ ಮಾತಿನಂತೆ ಕೇಳಿಸಿತು.

ಸ್ವಾಹಿಲಿ ಕಲಿಸುತ್ತಿದ್ದವರು ಅದೇ ನಾಡಿನ ಒಬ್ಬ ಕನ್ಯಾಸ್ತ್ರೀ. ಅವರೂ ದಾದಿಯೇ. ಮಿತಭಾಷಿ, ಆದರೆ ನೇರ ಮಾತಿನವರು. ಒಂದು ದಿನ ಪಾಠ ನಿಲ್ಲಿಸಿ, ಅವರ ದೇಶ ಜರ್ಮನಿಯ ವಸಾಹತಾಗಿದ್ದ ಕಾಲವನ್ನು ಹೇಳಿದರು. 1905ರಿಂದ 1907ರವರೆಗೆ ನಡೆದ ಮಾಜಿ ಮಾಜಿ ದಂಗೆಯನ್ನು ಅಡಗಿಸಲು ಸೈನ್ಯವು ಊರುಗಳನ್ನೂ ಬೆಳೆಯನ್ನೂ ಸುಟ್ಟುಹಾಕಿತು. ಗುಂಡಿಗೆ ಬಿದ್ದವರಿಗಿಂತ ಬರಗಾಲಕ್ಕೆ ಬಲಿಯಾದವರೇ ಹೆಚ್ಚು. "ಯುರೋಪಿನಿಂದ ಬಂದವರನ್ನು ನಮ್ಮ ಅಜ್ಜಂದಿರು ಔಷಧಿಯ ಪೆಟ್ಟಿಗೆಯೊಂದಿಗೆ ಮಾತ್ರ ಕಂಡವರಲ್ಲ. ಅದನ್ನು ನೆನಪಿಟ್ಟುಕೊಂಡು ಬನ್ನಿ. ನಮ್ಮಲ್ಲೂ ಓದಿದ ದಾದಿಯರಿದ್ದಾರೆ, ವೈದ್ಯರಿದ್ದಾರೆ. ನಮ್ಮ ಮೇಲೆ ಕನಿಕರಪಡುವವರು ನಮಗೆ ಬೇಡ, ಪಕ್ಕದಲ್ಲಿ ನಿಂತು ಕೆಲಸ ಮಾಡುವವರು ಬೇಕು" ಎಂದರು. ಬಿಡುವಿಗೆ ಹೊರಡುವ ಮುನ್ನ ಪ್ರತಿಯೊಬ್ಬರ ಕೈಗೂ ಒಂದು ಖಾಲಿ ಹಾಳೆ ಕೊಟ್ಟರು. ಅದರ ಮೇಲೆ ಬರೆಯಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ನೀವು ಏಕೆ ಹೋಗುತ್ತಿದ್ದೀರಿ?

ಬಿಡುವಿನ ದಿನಗಳನ್ನು ಸುಮ್ಮನೆ ಕಳೆಯುವುದು ಬೇಡವೆಂದು, ಯುರೋಪಿನಲ್ಲಿ ವಾಸಿಸುವವರಿಗೆ ದೊರೆಯುವ ರೈಲು ಪಾಸೊಂದನ್ನು ಕೊಂಡೆ. ನನಗಿಂತ ಮೊದಲು ಹೀಗೆ ದೂರದ ದೇಶಗಳಿಗೆ ಹೊರಟವರ ಊರುಗಳನ್ನು ನೋಡಿಬರಬೇಕು, ಅವರು ಹೇಗೆ ಸಿದ್ಧರಾದರೆಂದು ತಿಳಿಯಬೇಕು ಎಂಬುದು ನನ್ನ ಲೆಕ್ಕ. ಹಾಳೆಯನ್ನು ಜಪದ ಪುಸ್ತಕದೊಳಗೆ ಮಡಚಿಟ್ಟೆ. ಪೆಟ್ಟಿಗೆಯಲ್ಲಿ ಆಗಲೇ ಆಫ್ರಿಕಾಕ್ಕೆಂದು ಕೊಂಡಿದ್ದ ಸಾಮಾನುಗಳಿದ್ದವು. ಬಾಡಿಗೆಯ ಕೋಣೆಯನ್ನು ಖಾಲಿ ಮಾಡಿದ್ದರಿಂದ ಅದನ್ನು ಇಡಲು ಜಾಗವಿರಲಿಲ್ಲ. ಹಾಗಾಗಿ ಅದೂ ನನ್ನೊಂದಿಗೆ ಹೊರಟಿತು.

ಮೊದಲು ಇಳಿದದ್ದು ಬೆಲ್ಜಿಯಂ ದೇಶದ ಲೂವನ್ ಪಟ್ಟಣದಲ್ಲಿ. ಅಲ್ಲಿಯ ಸಂತ ಅಂತೋಣಿಯವರ ಪ್ರಾರ್ಥನಾಲಯದ ನೆಲಮಾಳಿಗೆಯಲ್ಲಿ ಕುಷ್ಠರೋಗಿಗಳ ಬಂಧು ಸಂತ ದಾಮಿಯನ್‌ರವರ ಸಮಾಧಿಯಿದೆ. ಅವರು ಹುಟ್ಟಿದ್ದು ಸಮೀಪದ ಟ್ರೆಮೆಲೊ ಗ್ರಾಮದಲ್ಲಿ, 1840ರಲ್ಲಿ. ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ನಿಜಕ್ಕೂ ಅವರಲ್ಲ, ಅವರ ಅಣ್ಣ. ಹೊರಡುವ ಹೊತ್ತಿಗೆ ಅಣ್ಣ ಕಾಯಿಲೆ ಬಿದ್ದುದರಿಂದ, ಇನ್ನೂ ಗುರುಪಟ್ಟವನ್ನೇ ಪಡೆಯದಿದ್ದ ತಮ್ಮ ಆ ಸ್ಥಾನವನ್ನು ಬೇಡಿ ಪಡೆದು ಹಡಗು ಹತ್ತಿದರು. 1864ರಲ್ಲಿ ಹೊನೊಲುಲು ತಲುಪಿ ಅಲ್ಲಿಯೇ ಗುರುಗಳಾದರು.

ಆ ಕಾಲದಲ್ಲಿ ಹವಾಯಿಯ ಕಾನೂನು ಕುಷ್ಠರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ ಮೊಲೊಕಾಯ್ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಅಲ್ಲಿಗೆ ಗುರುಗಳು ಸರದಿಯ ಮೇಲೆ ಹೋಗಿಬರಲೆಂದು ಬಿಷಪರು ಯೋಚಿಸಿದ್ದರು. 1873ರ ಮೇ ತಿಂಗಳಲ್ಲಿ ಮೊದಲಿಗರಾಗಿ ಹೋದ ದಾಮಿಯನ್ ತಾವು ಅಲ್ಲಿಯೇ ಉಳಿಯುವುದಾಗಿ ಕೇಳಿಕೊಂಡರು. ಹುಣ್ಣು ತೊಳೆದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಕಡೆಗೆ ಅದೇ ರೋಗ ತಗುಲಿ 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ ಮಡಿದರು. 1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ತರಲಾಯಿತು. 1995ರಲ್ಲಿ ಅವರು ಧನ್ಯರೆಂದು ಘೋಷಿತರಾದ ಮೇಲೆ ಅವರ ಬಲಗೈಯ ಅವಶೇಷವನ್ನು ಹವಾಯಿಗೆ ಮರಳಿಸಿ ಅವರ ಹಳೆಯ ಸಮಾಧಿಯಲ್ಲಿಟ್ಟರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಆ ತಣ್ಣನೆಯ ನೆಲಮಾಳಿಗೆಯಲ್ಲಿ ನಾನು ಬಹಳ ಹೊತ್ತು ಕುಳಿತೆ. ಕೈಯನ್ನು ಮರಳಿ ಕೇಳಿಕೊಂಡವರ ಪ್ರೀತಿ ನನ್ನನ್ನು ತಟ್ಟಿತು. ಹುಣ್ಣುಗಳನ್ನು ತೊಳೆದ ಕೈ ತಾನೇ ಅದು! ಆದರೆ ಅದೇ ಕ್ಷಣದಲ್ಲಿ ನನ್ನೊಳಗಿನ ಒಂದು ಸಣ್ಣ ಕಳ್ಳತನವೂ ಕಾಣಿಸಿತು. ನಾನು ಹೋಗುತ್ತಿದ್ದುದು ಒಂದು ವರ್ಷಕ್ಕೆ, ಹಿಂದಿರುಗುವ ಟಿಕೆಟ್ ಸಹಿತ. ಆದರೂ ಊರಿನ ಧರ್ಮಕೇಂದ್ರದಲ್ಲಿ ಜನ ನನ್ನ ಬಗ್ಗೆ ಏನು ಮಾತಾಡಿಕೊಳ್ಳುವರೆಂದು ಮನಸ್ಸು ಆಗಲೇ ಕಲ್ಪಿಸಿಕೊಳ್ಳುತ್ತಿತ್ತು. ಅಂದು ಹಾಳೆಯ ಮೇಲೆ ಏನನ್ನೂ ಬರೆಯಲಾಗಲಿಲ್ಲ.

ಲೂವನ್‌ನಿಂದ ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯಕ್ಕೆ ಬಂದೆ. ಕೋಲ್ಮಾರ್ ಪಟ್ಟಣದಿಂದ ಒಂದು ಪುಟ್ಟ ರೈಲು ದ್ರಾಕ್ಷಿತೋಟಗಳ ನಡುವೆ ಕಣಿವೆಯೊಳಕ್ಕೆ ಸಾಗುತ್ತದೆ. ಆ ದಾರಿಯ ಗುನ್ಸ್‌ಬಾಖ್ ಎಂಬ ಹಳ್ಳಿಯಲ್ಲಿ ಆಲ್ಬರ್ಟ್ ಶ್ವೈಟ್ಜರ್ ಬಾಲ್ಯವನ್ನು ಕಳೆದರು. ತಂದೆ ಪ್ರೊಟೆಸ್ಟಂಟ್ ಪಾಸ್ಟರ್. ಆಗ ಆ ಹಳ್ಳಿಯ ಒಂದೇ ದೇವಾಲಯವನ್ನು ಕಥೋಲಿಕರೂ ಪ್ರೊಟೆಸ್ಟಂಟರೂ ಹಂಚಿಕೊಂಡಿದ್ದರು. ಒಂದು ಸೂರಿನಡಿ ಎರಡು ಪಂಗಡಗಳ ಆರಾಧನೆ ಕಂಡು ಬೆಳೆದ ಹುಡುಗ ಮುಂದೆ ದೈವಶಾಸ್ತ್ರದಲ್ಲಿ ಪಂಡಿತನಾದದ್ದು, ಆರ್ಗನ್ ವಾದನದಲ್ಲಿ ಹೆಸರಾದದ್ದು ಎಲ್ಲರಿಗೂ ತಿಳಿದದ್ದೇ. ಮೂವತ್ತು ವರ್ಷದವರೆಗೆ ವಿದ್ಯೆ ಮತ್ತು ಸಂಗೀತ, ಆ ಬಳಿಕ ಮನುಷ್ಯರ ನೇರ ಸೇವೆ ಎಂದು ಅವರು 21ರ ಹರೆಯದಲ್ಲೇ ನಿಶ್ಚಯಿಸಿದ್ದರು.

ಅವರ ಸಿದ್ಧತೆಯ ಕಥೆ ನನ್ನನ್ನು ನಾಚಿಸಿತು. ಬೋಧಕರಾಗಿದ್ದವರು 1905ರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸ್ಟ್ರಾಸ್‌ಬುರ್ಗ್‌ನಲ್ಲಿ ವೈದ್ಯಕೀಯ ಓದಲು ಕುಳಿತರು. ಓದು ಮುಗಿಸಿ, ಪ್ಯಾರಿಸ್ಸಿನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಕಲಿತು, ಕಛೇರಿಗಳನ್ನು ನೀಡಿ ಹಣ ಕೂಡಿಸಿ, ಎಪ್ಪತ್ತು ಪೆಟ್ಟಿಗೆ ಸಾಮಾನು ಕಟ್ಟಿ ಹೊರಡುವಷ್ಟರಲ್ಲಿ ಏಳೆಂಟು ವರ್ಷಗಳೇ ಉರುಳಿದವು. ಪತ್ನಿ ಹೆಲೆನ್ ಇದಕ್ಕೆಂದೇ ದಾದಿಯ ತರಬೇತಿ ಪಡೆದರು. ಅವರ ದೈವಶಾಸ್ತ್ರದ ವಿಚಾರಗಳನ್ನು ಒಪ್ಪದ ಪ್ಯಾರಿಸ್ಸಿನ ಮಿಷನ್ ಸಂಘ ಹಿಂಜರಿದಾಗ, ಬೋಧನೆ ಮಾಡುವುದಿಲ್ಲ, ವೈದ್ಯನಾಗಿ ಮಾತ್ರ ದುಡಿಯುತ್ತೇನೆ ಎಂಬ ಷರತ್ತಿಗೂ ಒಪ್ಪಿದರು. 1913ರ ಶುಭಶುಕ್ರವಾರದ ಮಧ್ಯಾಹ್ನ ದಂಪತಿಗಳು ಇದೇ ಗುನ್ಸ್‌ಬಾಖ್‌ನಿಂದ ರೈಲು ಹತ್ತಿ ಆಫ್ರಿಕಾದ ಲಂಬಾರೆನೆಗೆ ಹೊರಟರು. 1952ರ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಆದರೆ ಇಷ್ಟು ದೊಡ್ಡವರ ಮೇಲೂ ಒಂದು ಆಕ್ಷೇಪಣೆ ಇದೆ. ಆಫ್ರಿಕದವರನ್ನು ಅವರು ಸಹೋದರರೆಂದು ಕರೆದರೂ ಕಿರಿಯ ಸಹೋದರರೆಂದೇ ನಡೆಸಿಕೊಂಡರು, ಕೈಹಿಡಿದು ನಡೆಸಬೇಕಾದವರೆಂದು ಭಾವಿಸಿದರು ಎಂಬುದೇ ಅದು. ಆಕ್ಷೇಪಣೆಯಲ್ಲಿ ನಿಜವಿದೆ. ಅವರ ಮನೆಯ ಅಂಗಳದಲ್ಲಿ ನಿಂತಾಗ ಕನ್ಯಾಸ್ತ್ರೀಯ ಮಾತು ಕಿವಿಯಲ್ಲಿ ಮೊಳಗಿತು. ಎಪ್ಪತ್ತು ಪೆಟ್ಟಿಗೆಗಳಲ್ಲಿ ಔಷಧಿ ತುಂಬಿಸಿಕೊಂಡು ಹೋಗಬಹುದು. ಅವುಗಳ ನಡುವೆ ನಮಗೇ ಗೊತ್ತಿಲ್ಲದೆ ದೊಡ್ಡಸ್ತಿಕೆಯ ಒಂದು ಪೆಟ್ಟಿಗೆಯೂ ಸೇರಿಕೊಳ್ಳಬಹುದು. ಐವತ್ತು ವರ್ಷ ತನ್ನನ್ನು ತೇಯ್ದುಕೊಂಡವರಿಗೇ ಅದರಿಂದ ಬಿಡುಗಡೆ ಕಷ್ಟವಾಗಿದ್ದರೆ, ಒಂದು ವರ್ಷಕ್ಕೆ ಹೊರಟ ನನ್ನ ಗತಿಯೇನು?

ಅಲ್ಲಿಂದ ಒಂದು ಗಂಟೆಯ ದಾರಿ, ಸ್ವಿಟ್ಜರ್ಲೆಂಡಿನ ಬಾಸೆಲ್. ಕನ್ನಡ ಓದಬಲ್ಲ ಯಾರೇ ಆಗಲಿ ಆ ಊರನ್ನು ಕೃತಜ್ಞತೆಯಿಲ್ಲದೆ ಹಾದುಹೋಗಲಾರರು. 1815ರಲ್ಲಿ ಅಲ್ಲಿ ಆರಂಭವಾದ ಮಿಷನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೆರ್ಮನ್ ಮೋಗ್ಲಿಂಗ್‌ರಿಂದ ಹೊರಬಂತು. 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲ್‌ರ ನಿಘಂಟು 1894ರಲ್ಲಿ ಅಚ್ಚಾಯಿತು. ಸಂಸ್ಥೆಯ ಪತ್ರಾಗಾರದಲ್ಲಿ ಆ ಕಾಲದ ಕನ್ನಡ ಪುಸ್ತಕಗಳು ಇಂದಿಗೂ ಭದ್ರವಾಗಿವೆ. ನಾನು ಕಥೋಲಿಕಳು, ಅವರು ಪ್ರೊಟೆಸ್ಟಂಟರು. ನನ್ನ ತಾಯ್ನುಡಿಗೆ ಅವರು ಮಾಡಿದ ಉಪಕಾರದ ಮುಂದೆ ಆ ಗೋಡೆ ಬಹಳ ತೆಳುವಾಗಿ ಕಂಡಿತು.

ಅಲ್ಲಿ ತಿಳಿದ ಇನ್ನೊಂದು ಸಂಗತಿ ನಿದ್ದೆ ಕೆಡಿಸಿತು. ಮಂಗಳೂರಿಗೆ ಬರುವುದಕ್ಕೂ ಮುಂಚೆ, 1828ರಲ್ಲಿ, ಇದೇ ಸಂಸ್ಥೆಯು ಪಶ್ಚಿಮ ಆಫ್ರಿಕಾದ ಇಂದಿನ ಘಾನಾ ದೇಶಕ್ಕೆ ನಾಲ್ವರನ್ನು ಕಳುಹಿಸಿತ್ತು. ಮೂವರು ಒಂದು ವರ್ಷ ತುಂಬುವ ಮೊದಲೇ, ನಾಲ್ಕನೆಯವರು 1831ರಲ್ಲಿ ಅಲ್ಲಿಯೇ ಮಣ್ಣಾದರು. ಅವರಿಗೆ ಹಳದಿ ಪುಸ್ತಕವಿರಲಿಲ್ಲ, ಮಲೇರಿಯಾ ಮಾತ್ರೆಯೂ ಇರಲಿಲ್ಲ. ನಿಘಂಟು ಬರೆದು ಹೆಸರಾದವರನ್ನು ನಾವು ನೆನೆಯುತ್ತೇವೆ. ಒಂದು ಪದವನ್ನೂ ಸರಿಯಾಗಿ ಕಲಿಯುವ ಮೊದಲೇ ಕಣ್ಣುಮುಚ್ಚಿದವರ ಸೇವೆ ವ್ಯರ್ಥವೇ? ಅಂದು ರಾತ್ರಿ ಹಾಳೆ ಬಿಡಿಸಿ, "ಫಲ ಕಾಣುವ ಆಸೆಯಿಂದ" ಎಂದು ಬರೆದು, ಹೊಡೆದುಹಾಕಿದೆ.

ಬಾಸೆಲ್‌ನಿಂದ ರೈಲು ಆಲ್ಪ್ಸ್ ಪರ್ವತದ ಹೊಟ್ಟೆಯೊಳಗೆ, 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಸುರಂಗವನ್ನು ಹಾದು ಇಟಲಿಗಿಳಿಯಿತು. ಮಿಲಾನ್ ನಿಲ್ದಾಣದಲ್ಲಿ ಮೆಟ್ಟಿಲಿಳಿಯುವಾಗ ಪೆಟ್ಟಿಗೆಯ ಒಂದು ಚಕ್ರ ಕಿತ್ತುಹೋಯಿತು. ಜನರು ಪಕ್ಕದಲ್ಲಿ ಸರಿದುಹೋಗುತ್ತಿದ್ದರು. ಬೆವರಿಳಿಯುತ್ತಿತ್ತು, ಅಳುವೂ ಬರುತ್ತಿತ್ತು. ಅಷ್ಟರಲ್ಲಿ ಕೊಡೆ ಮಾರುತ್ತಿದ್ದ ಒಬ್ಬ ಆಫ್ರಿಕದ ಯುವಕ ತನ್ನ ಕೊಡೆಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಮುಂದಿನ ರೈಲಿನ ಕಟ್ಟೆಯವರೆಗೆ ತಂದಿಟ್ಟ. ಹಣ ಕೊಡಹೋದರೆ ಬೇಡವೆಂದ. ನನ್ನ ಬಳಿಯಿದ್ದ ಬ್ರೆಡ್ಡನ್ನು ಮುರಿದು ಅರ್ಧ ಕೊಟ್ಟೆ, ಅದನ್ನು ಮಾತ್ರ ತೆಗೆದುಕೊಂಡ.

ಇಂಗ್ಲಿಷ್ ಬಲ್ಲವನಾಗಿದ್ದರಿಂದ ಮಾತು ಬೆಳೆಯಿತು. ಅವನ ಊರು ಗ್ಯಾಂಬಿಯಾ. ಮರುಭೂಮಿ ದಾಟಿ, ರಬ್ಬರ್ ದೋಣಿಯಲ್ಲಿ ಸಮುದ್ರ ದಾಟಿ ಬಂದವನು. ಅದರ ಬಗ್ಗೆ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಲ್ಲಿ ಅವನಿಗೊಬ್ಬ ತಾಯಿ ಇದ್ದಳು. ನಾನು ಎಲ್ಲಿಗೆ ಹೊರಟಿರುವೆನೆಂದು ಹೇಳಿದಾಗ ಅವನು ಮನಸಾರೆ ನಕ್ಕ. "ನಾನು ಸಾಯುವಷ್ಟು ಕಷ್ಟಪಟ್ಟು ಅಲ್ಲಿಂದ ಇಲ್ಲಿಗೆ ಬಂದೆ. ನೀವು ಇಷ್ಟು ಭಾರ ಹೊತ್ತು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದೀರಿ" ಎಂದ. ಆಮೇಲೆ ಗಂಭೀರನಾಗಿ ಕೇಳಿದ: "ಅಲ್ಲಿ ನೀವೇ ಕಾಯಿಲೆ ಬಿದ್ದರೆ ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ?" ನಾನು ಯೋಚಿಸಿ, "ಅಲ್ಲಿಯವರು" ಎಂದೆ. ಅವನು ತಲೆಯಾಡಿಸಿದ, ಅದೇ ಸರಿಯಾದ ಉತ್ತರವೆಂಬಂತೆ. ರೈಲು ಹೊರಟಿತು. ಆಫ್ರಿಕಾಕ್ಕೆ ಸಹಾಯ ಮಾಡಲು ಹೊರಟವಳಿಗೆ ಮೊದಲು ಸಹಾಯ ಮಾಡಿದವನು ಆಫ್ರಿಕದವನೇ ಎಂಬುದು ಕಿಟಕಿಯ ಪಕ್ಕ ಕುಳಿತ ಮೇಲಷ್ಟೇ ಹೊಳೆಯಿತು.

ಗಾರ್ಡಾ ಸರೋವರದ ಬಳಿ ಇಳಿದು, ಬಸ್ಸಿನಲ್ಲಿ ಕಾಸ್ತಿಲ್ಯೋನೆ ಎಂಬ ಪಟ್ಟಣ ಸೇರಿದೆ. ಸಂತ ಅಲೋಶಿಯಸ್ ಗೊನ್ಜಾಗರ ಹುಟ್ಟೂರು ಅದು. ಮಂಗಳೂರಿನಲ್ಲಿ ಓದುತ್ತಿದ್ದಾಗ, 1880ರಲ್ಲಿ ಯೇಸುಸಭೆಯವರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಬಿಡುವಿದ್ದಾಗಲೆಲ್ಲ ಹೋಗುತ್ತಿದ್ದೆ. ಇಟಲಿಯಿಂದ ಬಂದ ಸಹೋದರ ಅಂತೋನಿಯೊ ಮೊಸ್ಕೇನಿ ಅದರ ಗೋಡೆ, ಚಾವಣಿಗಳ ತುಂಬ ಚಿತ್ರ ಬರೆದಿದ್ದಾರೆ. ಕುತ್ತಿಗೆ ನೋಯುವಷ್ಟು ಹೊತ್ತು ತಲೆಯೆತ್ತಿ ನೋಡಿದ ಆ ಸಂತರ ಊರಿಗೆ ಅವರ ಹಬ್ಬದ ದಿನವೇ, ಜೂನ್ 21ರಂದು ಬಂದು ಮುಟ್ಟಿದೆ. ಬಲಿಪೂಜೆಯ ಭಾಷೆ ತಿಳಿಯಲಿಲ್ಲ. ಆದರೆ ಎಲ್ಲಿ ಎದ್ದು ನಿಲ್ಲಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಮಾರ್ಕ್ವಿಸ್ ಮನೆತನದ ಹಿರಿಯ ಮಗನಾಗಿ 1568ರಲ್ಲಿ ಹುಟ್ಟಿದ ಅಲೋಶಿಯಸ್ ತನಗೆ ಬರಬೇಕಾದ ಸಂಸ್ಥಾನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದರು. ದೂರದ ದೇಶಗಳಿಗೇನೂ ಹೋಗಲಿಲ್ಲ. 1591ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ಹರಡಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದರು. ಅರಮನೆಯಲ್ಲಿ ಬೆಳೆದ ಅವರಿಗೆ ಆ ಕೆಲಸ ಮೊದಮೊದಲು ಅಸಹ್ಯ ಹುಟ್ಟಿಸುತ್ತಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ರೋಗ ಅವರಿಗೂ ತಗುಲಿತು. 23ನೆಯ ವಯಸ್ಸಿಗೇ ದೇವರ ಪಾದ ಸೇರಿದರು. ಇವರ ಸೇವೆಯ ಕ್ಷೇತ್ರ ಇವರ ಬೀದಿಯೇ ಆಗಿತ್ತು. ಅಣ್ಣನ ಪ್ರಶ್ನೆ ಆ ಬಸಿಲಿಕದೊಳಗೆ ನನ್ನ ಪಕ್ಕದಲ್ಲೇ ಬಂದು ಕುಳಿತಂತಾಯಿತು.

ಆ ಪಟ್ಟಣಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1859ರ ಜೂನ್ 24ರಂದು ಸುಮಾರು 10 ಕಿ.ಮೀ. ದೂರದ ಸೋಲ್ಫೆರಿನೊದಲ್ಲಿ ಫ್ರಾನ್ಸ್ ಮತ್ತು ಸಾರ್ಡೀನಿಯದ ಸೇನೆಗಳಿಗೂ ಆಸ್ಟ್ರಿಯದ ಸೇನೆಗೂ ಘೋರ ಯುದ್ಧ ನಡೆಯಿತು. ಗಾಯಾಳುಗಳು ಸಾವಿರಗಟ್ಟಲೆಯಾಗಿ ಕಾಸ್ತಿಲ್ಯೋನೆಗೆ ಬಂದು ಬಿದ್ದರು. ದೇವಾಲಯಗಳ ಬೆಂಚುಗಳನ್ನು ತೆಗೆದು ಹುಲ್ಲು ಹಾಸಿ ಮಲಗಿಸಿದರು. ಜಿನೀವಾದಿಂದ ತನ್ನ ವ್ಯಾಪಾರದ ಕೆಲಸಕ್ಕಾಗಿ ಫ್ರೆಂಚ್ ಚಕ್ರವರ್ತಿಯನ್ನು ಕಾಣಲು ಬಂದಿದ್ದ ಹೆನ್ರಿ ಡ್ಯೂನಾಂಟ್ ಈ ದೃಶ್ಯ ಕಂಡು, ಬಂದ ಕೆಲಸ ಮರೆತು ನೀರು ಹೊತ್ತರು, ಗಾಯ ಕಟ್ಟಿದರು. ಊರಿನ ಹೆಂಗಸರು ನಮ್ಮವರು, ಶತ್ರುಗಳು ಎಂಬ ಭೇದವಿಲ್ಲದೆ ಉಪಚರಿಸುತ್ತ, ಎಲ್ಲರೂ ಸಹೋದರರೇ ಎಂದು ಹೇಳುತ್ತಿದ್ದುದನ್ನು ಅವರು 1862ರಲ್ಲಿ ಪುಸ್ತಕ ಬರೆದು ಲೋಕಕ್ಕೆ ತಿಳಿಸಿದರು. ಅದರಿಂದ ಮರುವರ್ಷ ರೆಡ್‌ಕ್ರಾಸ್, 1864ರಲ್ಲಿ ಮೊದಲ ಜಿನೀವಾ ಒಪ್ಪಂದ ಹುಟ್ಟಿದವು. 1901ರ ಮೊದಲ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಅವರು ಇನ್ನೊಬ್ಬರೊಡನೆ ಹಂಚಿಕೊಂಡರು.

ಮಾರನೆಯ ದಿನ ಸೋಲ್ಫೆರಿನೊಗೂ ಹೋದೆ. ಅಲ್ಲಿಯ ಹಳೆಯ ದೇವಾಲಯದಲ್ಲಿ ಯುದ್ಧಭೂಮಿಯಿಂದ ಆಯ್ದು ತಂದ ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ. ಯಾವುದು ಯಾವ ದೇಶದ್ದೆಂದು ನೋಡುವವರಿಗೆ ತಿಳಿಯುವುದಿಲ್ಲ. ಅಲ್ಲಿ ನನಗೆ ಆ ಹೆಂಗಸರ ನೆನಪಾಯಿತು. ಅವರಿಗೆ ತರಬೇತಿ ಇರಲಿಲ್ಲ, ಲಸಿಕೆ ಇರಲಿಲ್ಲ, ಯಾವ ಸಂಘವೂ ಅವರನ್ನು ಆರಿಸಿ ಕಳುಹಿಸಿರಲಿಲ್ಲ. ಬೇರೆ ದೇಶದವರು ಅವರ ಬಾಗಿಲಿಗೇ ಬಂದು ಬಿದ್ದಿದ್ದರು. ಡ್ಯೂನಾಂಟ್ ಆದರೋ ಪರದೇಶದವರು, ಬೇರಾವುದೋ ಕೆಲಸಕ್ಕೆ ಬಂದವರು. ಒಬ್ಬರು ಮನೆಯಲ್ಲಿದ್ದರು, ಇನ್ನೊಬ್ಬರು ದಾರಿಯಲ್ಲಿದ್ದರು. ಇಬ್ಬರಿಗೂ ನೆರೆಯವರು ಸಿಕ್ಕಿದರು. ದಯಾವಂತ ಸಮಾರಿಯದವನ ಸಾಮತಿಯಲ್ಲಿಯೂ ನೆರೆಯವನಾದವನು ಪಯಣಿಗನೇ ಅಲ್ಲವೇ? ಹತ್ತಿರವೋ ದೂರವೋ ಎಂಬುದಲ್ಲ, ಕಂಡಾಗ ನಿಂತೆಯೋ ಇಲ್ಲವೋ ಎಂಬುದೇ ಪ್ರಭು ಕೇಳಿದ ಪ್ರಶ್ನೆ.

ಅಂದು ಸಂಜೆ ಮನೆಗೆ ಫೋನ್ ಮಾಡಿದೆ. ಅಣ್ಣನೇ ಎತ್ತಿದ. "ನೀನು ಕೇಳಿದ್ದು ಸರಿಯಾಗಿಯೇ ಇತ್ತು ಅಣ್ಣ, ಸಿಟ್ಟು ಮಾಡಿಕೊಂಡದ್ದು ನನ್ನ ತಪ್ಪು" ಎಂದೆ. ಅವನೂ ಮೆತ್ತಗಾದ. "ಅಮ್ಮನ ಹತ್ರ ನೀನೇ ಕೇಳು" ಎಂದು ಫೋನ್ ಕೊಟ್ಟ. ಹೋಗಲೇ ಬೇಡವೇ ಎಂದು ಅಮ್ಮನನ್ನು ಕೇಳಿದೆ. ಬೇಡವೆಂದರೆ ನಿಂತುಬಿಡುತ್ತೇನೆಂದೂ ಹೇಳಿದೆ. ನಮ್ಮ ಮನೆಯ ಗೋಡೆಯಲ್ಲಿ ಬಾಲಯೇಸುವಿನ ಸಂತ ತೆರೇಸಮ್ಮನವರ ಹಳೆಯ ಪಟವೊಂದಿದೆ. 24ನೆಯ ವಯಸ್ಸಿಗೆ ಮಠದೊಳಗೇ ಕಣ್ಮುಚ್ಚಿದ ಅವರನ್ನು ಧರ್ಮಸಭೆ 1927ರಲ್ಲಿ ಮಿಷನ್‌ಗಳ ಪಾಲಕಿಯೆಂದು ಸಾರಿದ ಕಥೆಯನ್ನು ಫಾದರ್ ಒಬ್ಬರು ಪ್ರಸಂಗದಲ್ಲಿ ಹೇಳಿದ್ದನ್ನು ಅಮ್ಮ ಮರೆತಿರಲಿಲ್ಲ. "ಅವರು ಮಠದ ಬಾಗಿಲು ದಾಟದೇ ಲೋಕ ಎಲ್ಲಾ ನೋಡ್ಕೊಂಡ್ರಂತೆ ಮಗಾ. ನಾನು ಇಲ್ಲಿ ಕೂತು ಜಪಸರ ಮಾಡ್ತೀನಿ, ನೀನು ಅಲ್ಲಿ ಕೆಲಸ ಮಾಡು. ಆದ್ರೆ ಒಂದು ವರ್ಷ ಅಂದ್ರೆ ಒಂದೇ ವರ್ಷ. ಮಂಡಿ ನೋವಿಗೆ ನಿನ್ನ ಕೈಯೇ ಬೇಕು ನಂಗೆ" ಎಂದಳು.

ಮರಳಿ ಜರ್ಮನಿಗೆ ಬಂದು ಪೆಟ್ಟಿಗೆ ತೆರೆದೆ. ಅರ್ಧದಷ್ಟು ಸಾಮಾನನ್ನು ಹೊರಗಿಟ್ಟೆ. ಹಾಳೆಯ ಮೇಲೆ ಮೂರು ಸಾಲು ಬರೆದೆ: ಕಲಿಯಲು ಹೋಗುತ್ತಿದ್ದೇನೆ. ಕೈಗೆ ಬಂದ ಕೆಲಸ ಮಾಡುತ್ತೇನೆ. ಮುಗಿದ ಮೇಲೆ ಅಮ್ಮನ ಬಳಿಗೆ ಹೋಗುತ್ತೇನೆ. ಕನ್ಯಾಸ್ತ್ರೀ ಅದನ್ನು ಓದಿ, ಮಡಚಿ, ಹಿಂದಿರುಗಿಸಿದರು. "ಇದನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ. ಆರು ತಿಂಗಳ ಮೇಲೆ ಮೊದಲನೆಯ ಸಾಲನ್ನು ಮತ್ತೆ ಓದಿ" ಎಂದರು.

ಅವರು ಹೇಳಿದ್ದು ಹಾಗೆಯೇ ಆಯಿತು. ಆ ಗುಡ್ಡಗಾಡಿನಲ್ಲೂ ಕಾಫಿ ಗಿಡಗಳಿದ್ದವು. ಮೊದಲ ಹೂಮಳೆಯ ಮಾರನೆಯ ವಾರ ಇಡೀ ಊರು ನಮ್ಮ ತೋಟದಂತೆಯೇ ಘಮಘಮಿಸಿತು. ಮೂರನೆಯ ತಿಂಗಳಲ್ಲಿ ನನಗೇ ಮಲೇರಿಯಾ ಬಂತು. ಮಾತ್ರೆ ತಪ್ಪಿಸಿದ್ದು ನನ್ನದೇ ಅಜಾಗರೂಕತೆ. ಅಲ್ಲಿಯ ದಾದಿಯರು ಹಗಲಿರುಳು ನೋಡಿಕೊಂಡರು. ಹಾಸಿಗೆಯ ಪಕ್ಕದಲ್ಲಿ ನಿಂತು ಅವರು 'ಪೊಲೆ' ಎನ್ನುತ್ತಿದ್ದರು. ನೋವಿನಲ್ಲಿರುವವರಿಗೆ, ದಣಿದವರಿಗೆ, ಭಾರ ಹೊತ್ತು ಎದುರಾದವರಿಗೆ ಸ್ವಾಹಿಲಿಯಲ್ಲಿ ಹೇಳುವ ಮಾತದು. ತಪ್ಪಾಯಿತೆಂಬ ಅರ್ಥವಲ್ಲ, ಪಾಪವೆಂಬ ಕನಿಕರವೂ ಅಲ್ಲ. ನಿನ್ನ ನೋವು ನನಗೆ ಕಾಣುತ್ತಿದೆ ಎಂದಷ್ಟೇ ಅದರ ಭಾವ. ಮಿಲಾನ್ ನಿಲ್ದಾಣದ ಯುವಕನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನಿಜವಾಗಿತ್ತು.

ವರ್ಷ ತುಂಬಿದ ಮೇಲೆ, 2019ರಲ್ಲಿ, ಜರ್ಮನಿಗೆ ಹೋಗದೆ ನೇರವಾಗಿ ಊರಿಗೆ ಬಂದೆ. ಈಗ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೆಲಸ, ಉಳಿದ ಹೊತ್ತು ಅಮ್ಮನ ಆರೈಕೆ. ದಿನವೂ ಸಂಜೆ ಅವಳ ಮಂಡಿಗೆ ಎಣ್ಣೆ ಹಚ್ಚುವಾಗ 'ಪೊಲೆ' ಎನ್ನುತ್ತೇನೆ. "ಅದೇನು ಭಾಷೆನೋ ನಿಂದು" ಎಂದು ಗೊಣಗುತ್ತಾಳೆ, ಆದರೆ ನಾನು ಮರೆತ ದಿನ ತಾನೇ ನೆನಪಿಸುತ್ತಾಳೆ. ಅಣ್ಣನ ಪ್ರಶ್ನೆಯನ್ನು ನಾನು ಗೆದ್ದೆನೆಂದು ಹೇಳಲಾರೆ. ದೂರ ಹೋಗಿದ್ದರಿಂದ ಮನೆಯ ಕೆಲಸವನ್ನು ಬೇರೆ ಕಣ್ಣಿಂದ ನೋಡಲು ಕಲಿತೆ ಎನ್ನಬಹುದಷ್ಟೇ.

ಪ್ರಿಯ ಓದುಗರೇ, ನಿಮ್ಮ ಮನೆಯ ಮಕ್ಕಳೂ ಒಂದು ದಿನ ದೂರದ ಸೇವೆಗೆ ಹೊರಡುತ್ತೇನೆಂದು ಬಂದು ನಿಲ್ಲಬಹುದು. ಅವರನ್ನು ಕೂಡಲೇ ಹೊಗಳಬೇಡಿ, ತಡೆಯಲೂಬೇಡಿ. ಒಂದು ಖಾಲಿ ಹಾಳೆ ಕೊಟ್ಟು, ಏಕೆ ಹೋಗುತ್ತಿರುವೆ ಎಂದು ಕೇಳಿ. ಅವರು ಬರೆಯುವವರೆಗೆ ತಾಳ್ಮೆಯಿಂದ ಕಾಯಿರಿ. ಆ ಬಳಿಕ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಆಶೀರ್ವದಿಸಿ ಕಳುಹಿಸಿ. ಪೆಟ್ಟಿಗೆ ಮಾತ್ರ ಹಗುರವಾಗಿರಲಿ.